ಐದು ಬೆರಳು ದೂರ

ಏಪ್ರಿಲ್ ೧೯, ಶನಿವಾರ ಬೆಳಗ್ಗೆ

ನನ್ನ ಗುಬ್ಬಿಗೆ ಅಮ್ಮನ ಮುದ್ದುಗಳು,

ಮೊದಲು ಕೂತುಕೋ. ಕೈಯಲ್ಲಿರುವ ಕಾಫಿ ಲೋಟ ಕೆಳಗಿಡು. ಯಾವ ಪುಸ್ತಕ ಸಿಕ್ಕರೂ ಕೊನೆಯ ಪುಟವನ್ನು ಮೊದಲು ಓದುವ ಚಾಳಿ ನಿನಗೆ ಚಿಕ್ಕಂದಿನಿಂದಲೂ ಇದೆ. ಈ ಕಾಗದಕ್ಕೂ ಹಾಗೆ ಮಾಡಿದೆಯೋ, ನನ್ನಾಣೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಮೊಣಕಾಲು ಹೇಗಿದೆ ಅಂತ ಮೂರು ಪ್ರಶ್ನೆ ಕೇಳಿ ಇಟ್ಟುಬಿಡುತ್ತೀಯ. ಊಟ ಆಯಿತು, ಮಾತ್ರೆ ತಗೊಂಡೆ, ಮೊಣಕಾಲಿನ ವಿಷಯ ಕೊನೆಗೆ ಬರೆಯುತ್ತೇನೆ. ಇದರಲ್ಲಿ ಒಂದು ಸಂತೋಷದ ಸುದ್ದಿ ಇದೆ, ಎರಡು ತಪ್ಪೊಪ್ಪಿಗೆ ಇವೆ. ತಪ್ಪೊಪ್ಪಿಗೆಗಳನ್ನು ಬಾಯಲ್ಲಿ ಹೇಳಲು ಹೋದರೆ ನಾನು ಜಗಳ ತೆಗೆದುಬಿಡುತ್ತೇನೆ, ನಿನಗೇ ಗೊತ್ತಲ್ಲ ನನ್ನ ಬುದ್ಧಿ. ಅದಕ್ಕೇ ಕಾಗದ. ನಿನ್ನ ಮಗಳು ಚೂಟಿಗೂ ಓದಿ ಹೇಳು, ಅವಳಿಗಾಗಿ ಕೆಲವು ಸಂಗತಿಗಳನ್ನು ಬಿಡಿಸಿ ಬರೆದಿದ್ದೇನೆ.

ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ ನೀನು ಫೋನ್ ಮಾಡಿದ್ದೆ. ಬಂದರಿನ ಕಚೇರಿಯಲ್ಲಿ ಒಂದು ದೊಡ್ಡ ಹಡಗಿನ ಕಾಗದಪತ್ರ ಮಾಡಿ ಮಾಡಿ ಕೈ ಬಿದ್ದುಹೋಯಿತು ಅಂದೆ. ಎಲ್ಲಿಗೆ ಹೋಗುವ ಹಡಗು ಎಂದು ನಾನು ಸುಮ್ಮನೆ ಮಾತಿಗೆ ಕೇಳಿದೆ. ಎಲ್ಲೋ ದೂರ ಬಿಡಮ್ಮ, ಹೇಳಿದ್ರೂ ನಿಂಗೆ ಗೊತ್ತಾಗಲ್ಲ ಅಂದೆ ನೀನು. ಬೈಗುಳವೇನಲ್ಲ, ಪ್ರೀತಿಯಿಂದಲೇ ಅಂದಿದ್ದು. ಆದರೂ ಫೋನ್ ಇಟ್ಟ ಮೇಲೆ ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಮೂವತ್ತಾರು ವರ್ಷದಿಂದ ಭೂಮಿಯನ್ನೇ ತಯಾರು ಮಾಡುತ್ತಿರುವ ಹೆಂಗಸು ನಾನು. ನನಗೆ ಭೂಮಿಯ ಮೇಲಿನ ಒಂದು ಊರಿನ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. ಸಿಟ್ಟು ಬಂತು. ನೀನು ಅಂದಿದ್ದಕ್ಕಲ್ಲ, ಅಂದಿದ್ದು ನಿಜವಾಗಿತ್ತಲ್ಲ, ಅದಕ್ಕೆ.

ಅದೇ ವಾರ ನಮ್ಮ ಗ್ಲೋಬು ಕಾರ್ಖಾನೆಯಲ್ಲಿ ಇನ್ನೊಂದು ಸುದ್ದಿ. ಚೆಕಿಂಗ್ ಟೇಬಲ್ಲಿನ ಕನ್ನಡಕದಣ್ಣ ಮುಂದಿನ ಬೇಸಿಗೆಗೆ ನಿವೃತ್ತಿ ಎಂದು ಗೊತ್ತಾಯಿತು. ಚೂಟಿ, ಆ ಟೇಬಲ್ ಅಂದರೆ ಏನು ಗೊತ್ತೇ? ನಾವು ಹೆಂಗಸರೆಲ್ಲ ನಿಂತುಕೊಂಡು ರಟ್ಟಿನ ಉಂಡೆಗಳಿಗೆ ನಕ್ಷೆಯ ಪಟ್ಟಿ ಅಂಟಿಸುತ್ತೇವೆ. ಆ ಉಂಡೆಗಳೆಲ್ಲ ಕಿಟಕಿ ಪಕ್ಕದ ಆ ಟೇಬಲ್ಲಿಗೆ ಹೋಗುತ್ತವೆ. ಅಲ್ಲಿ ಕುರ್ಚಿಯ ಮೇಲೆ ಕೂತವರು ಪ್ರತಿ ಉಂಡೆಯನ್ನೂ ತಿರುಗಿಸಿ ನೋಡಿ, ಸರಿಯಿದ್ದರೆ ಸೀಲು ಒತ್ತುತ್ತಾರೆ, ಇಲ್ಲದಿದ್ದರೆ ಬಿಸಿನೀರಿಗೆ ಎಸೆಯುತ್ತಾರೆ. ಇಡೀ ಕಾರ್ಖಾನೆಯಲ್ಲಿ ಬೆಳಕು ಚೆನ್ನಾಗಿ ಬೀಳುವ ಜಾಗ ಅದೊಂದೇ. ಮೂವತ್ತಾರು ವರ್ಷ ನಿಂತ ಕಾಲಿಗೆ ಆ ಕುರ್ಚಿ ಬೇಕಿತ್ತು ಗುಬ್ಬಿ. ಕಾಲಿಗಿಂತ ಜಾಸ್ತಿ ನನ್ನ ಜಂಭಕ್ಕೆ ಬೇಕಿತ್ತು. ಯಜಮಾನರು ಎಲ್ಲರನ್ನೂ ಸೇರಿಸಿ, ಉಂಡೆ ಮೇಲೆ ಏನಿದೆ ಅಂತ ಗೊತ್ತಿಲ್ದೋರು ಉಂಡೆ ಪಾಸ್ ಮಾಡೋಕಾಗಲ್ಲ, ಹತ್ತನೇ ಕ್ಲಾಸ್ ಪಾಸಾದೋರು ಯಾರಿದೀರಿ, ಸರ್ಟಿಫಿಕೇಟು ತನ್ನಿ, ಏಪ್ರಿಲ್‌ವರೆಗೆ ನೋಡ್ತೀನಿ, ಇಲ್ಲದಿದ್ರೆ ಹೊರಗಿನಿಂದ ಯಾರನ್ನಾದ್ರೂ ತರ್ತೀನಿ ಎಂದರು.

ನೀನು ಈಗ, ಅಮ್ಮ ಹತ್ತನೇ ಕ್ಲಾಸ್ ಪಾಸಲ್ಲವೇ, ಮತ್ತೇನು ತೊಂದರೆ ಎನ್ನುತ್ತಿರುತ್ತೀಯ. ಇದೇ ಮೊದಲನೆಯ ತಪ್ಪೊಪ್ಪಿಗೆ. ಪಾಸಲ್ಲ. ಎಲ್ಲ ಪೇಪರೂ ಆಗಿತ್ತು, ಒಂದೇ ಒಂದು ಉಳಿದಿತ್ತು. ಯಾವುದು ಎಂದು ಕೇಳಿ ನಗಬೇಡ. ಇತಿಹಾಸ ಮತ್ತು ಭೂಗೋಳ. ಆಮೇಲೆ ಮದುವೆ, ಆಮೇಲೆ ಕಾರ್ಖಾನೆ, ಆಮೇಲೆ ನೀನು. ನಿನ್ನ ಅಪ್ಪನಿಗೂ ಪಾಸು ಎಂದೇ ಹೇಳಿದ್ದೆ, ಪಾಪ, ಹಾಗೇ ನಂಬಿಕೊಂಡು ಹೋದರು. ನೀನು ಓದದೆ ಸೋಮಾರಿತನ ಮಾಡಿದಾಗಲೆಲ್ಲ ನಾನು ಲಾಂದ್ರದ ಬೆಳಕಲ್ಲಿ ಓದಿ ಪಾಸಾದವಳು ಎಂದು ನಿನ್ನ ಕಿವಿ ಹಿಂಡುತ್ತಿದ್ದೆನಲ್ಲ, ಲಾಂದ್ರ ನಿಜ, ಪಾಸು ಸುಳ್ಳು.

ಜುಲೈಯಿಂದ ವಾರಕ್ಕೆ ಮೂರು ಸಂಜೆ ಪಾಠಕ್ಕೆ ಹೋದೆ. ಪ್ರೈಮರಿ ಶಾಲೆಯ ಒಂದು ಕೋಣೆ, ಚಿಕ್ಕಮಕ್ಕಳ ಬೆಂಚು, ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನಾವು ಐದು ಜನ. ಒಬ್ಬ ಬಸ್ ಕಂಡಕ್ಟರು, ಲಾಂಡ್ರಿಯ ಅಕ್ಕತಂಗಿ, ಮಾತೇ ಆಡದ ಒಬ್ಬ ಪೇಂಟರು, ನಾನು. ಮೇಷ್ಟ್ರು ನಿವೃತ್ತರಾದವರು. ಯಾವಾಗಲೂ ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಹಳೇ ನಕ್ಷೆ ಇರುತ್ತಿತ್ತು, ಅದಕ್ಕೆ ಲಾಂಡ್ರಿ ತಂಗಿ ಅವರಿಗೆ ಸುರುಳಿ ಮೇಷ್ಟ್ರು ಎಂದು ಹೆಸರಿಟ್ಟಳು. ಮೊದಲ ದಿನ ನಾನು ಗ್ಲೋಬು ಮಾಡುವವಳು ಎಂದು ಎಲ್ಲರೆದುರು ಕೊಚ್ಚಿಕೊಂಡೆ. ಹಾಗಾದರೆ ನೀವೇ ಮೊದಲ ಬೆಂಚಲ್ಲಿ ಕೂತ್ಕೊಳ್ಳಿ ಎಂದರು. ಅಲ್ಲಿಗೆ ಮುಗಿಯಿತು ನನ್ನ ಮರ್ಯಾದೆ.

ಯಾಕೆಂದರೆ ಎರಡನೇ ವಾರ ಒಂದು ಪರೀಕ್ಷೆ ಕೊಟ್ಟರು. ಪ್ರಪಂಚದ ಖಾಲಿ ನಕ್ಷೆಯಲ್ಲಿ ಹತ್ತು ಜಾಗ ಗುರುತಿಸಬೇಕು. ನೋಡುತ್ತೇನೆ, ಒಂದಾದರೂ ಗುರುತು ಸಿಗಬೇಕಲ್ಲ. ಆಫ್ರಿಕದ ಮೇಲೆ ದಕ್ಷಿಣ ಅಮೆರಿಕ ಎಂದು ಬರೆದೆ, ಆಸ್ಟ್ರೇಲಿಯವನ್ನು ಎಲ್ಲಿ ಇಟ್ಟೆ ಎಂದು ಹೇಳಲು ಈಗಲೂ ನಾಚಿಕೆ. ಹತ್ತಕ್ಕೆ ಸೊನ್ನೆ. ಕಂಡಕ್ಟರಿಗೂ ನಾಲ್ಕು ಬಂದಿತ್ತು. ಇವರು ಮಾಡಿದ ಗ್ಲೋಬ್ ಹಿಡ್ಕೊಂಡು ಹೋದ್ರೆ ನಮ್ಮ ಬಸ್ಸೂ ಸ್ಟ್ಯಾಂಡ್ ಸೇರಲ್ಲ ಎಂದು ಅವನು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರ ಕೈಯಿಂದ ಕಾಗದ ಕಿತ್ತುಕೊಂಡೆ, ಸಿಟ್ಟಿನಲ್ಲಿ ಬೆಂಚಿನ ಮೇಲೆ ಎಸೆದೆ. ಅದು ತಲೆಕೆಳಗಾಗಿ ಬಿತ್ತು. ಬಿದ್ದದ್ದೇ ತಡ, ಅಲ್ಲಿ ನನಗೆ ಎಲ್ಲವೂ ಕಾಣಿಸಿತು.

ಚೂಟಿಗೆ ಇದನ್ನು ನಿಧಾನವಾಗಿ ಹೇಳು. ಒಂದು ಉಂಡೆಗೆ ಹನ್ನೆರಡು ಪಟ್ಟಿ. ನಡುವೆ ಅಗಲ, ಎರಡು ತುದಿಯಲ್ಲೂ ಚೂಪು. ಪಟ್ಟಿಯ ನಂಬರು ದಕ್ಷಿಣದ ತುದಿಯಲ್ಲಿ ಅಚ್ಚಾಗಿರುತ್ತದೆ. ನಂಬರು ಕಣ್ಣೆದುರಿಗೆ ಇರಲಿ ಎಂದು ನಾವು ಉಂಡೆಯನ್ನು ಮೊಳೆಗೆ ಸಿಕ್ಕಿಸುವುದೇ ದಕ್ಷಿಣವನ್ನು ಮೇಲೆ ಮಾಡಿ. ಹನ್ನೆರಡೂ ಅಂಟಿಸಿದ ಮೇಲೆ ತುದಿಗೆ ದುಂಡನೆಯ ಕಾಗದದ ಟೋಪಿ ಹಾಕಿದರೆ ನಂಬರುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಅಂದರೆ ನಾನು ಮೂವತ್ತಾರು ವರ್ಷ ಭೂಮಿಯನ್ನು ನೋಡಿದ್ದೇ ತಲೆಕೆಳಗಾಗಿ. ಅದರಲ್ಲೂ ಹೆಸರು ಓದುವ ಗೋಜು ನಮಗಿಲ್ಲ, ಅಂಚಿಗೆ ಅಂಚು ಕೂಡಿದರೆ ಸಾಕು. ಕಾರ್ಖಾನೆಯಲ್ಲಿ ನಮ್ಮದೇ ಹೆಸರುಗಳು. ಒಂದನೇ ಪಟ್ಟಿಯಲ್ಲಿ ಒಂದು ನಲ್ಲಿ ಇದೆ ಎನ್ನುತ್ತೇವೆ. ಅದು ಇಟಲಿಯಂತೆ. ನೆಟ್ಟಗೆ ನಿಲ್ಲಿಸಿದರೆ ಅದು ಬೂಟು, ಇಡೀ ಲೋಕ ಅದನ್ನು ಬೂಟು ಎನ್ನುತ್ತದಂತೆ, ನನಗೆ ಐವತ್ತಾರನೇ ವಯಸ್ಸಿನಲ್ಲಿ ತಿಳಿಯಿತು.

ಆ ದಿನ ನಾನು ತಲೆಕೆಳಗಾದ ಕಾಗದದ ಮೇಲೆ ಬೆರಳಿಟ್ಟು, ಇದು ಒಂದನೇ ಪಟ್ಟಿ, ಇದು ಎರಡನೇದು, ಇಲ್ಲಿ ಅಂಚು ಕೂಡಿಸೋದು ಕಷ್ಟ, ಇಲ್ಲಿ ನೂರು ಪುಡಿ ದ್ವೀಪ, ಅಂಟು ಜಾಸ್ತಿಯಾದ್ರೆ ಹರಡಿಬಿಡುತ್ತೆ ಎಂದು ಹನ್ನೆರಡೂ ಪಟ್ಟಿ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಯಾವ ನದಿ ಎಲ್ಲಿ ತಿರುಗುತ್ತದೆ, ಯಾವ ಕೊಲ್ಲಿ ಎಷ್ಟು ಒಳಗೆ ಹೋಗುತ್ತದೆ, ಒಂದನ್ನೂ ಬಿಡಲಿಲ್ಲ. ಹೆಸರು ಮಾತ್ರ ಗೊತ್ತಿಲ್ಲ. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಭೂಮಿಗೆ ಮೇಲೆ ಕೆಳಗೆ ಅಂತ ಇಲ್ಲ ಕಣಮ್ಮ, ಕಾಗದಕ್ಕಿದೆ ಅಷ್ಟೆ, ನಿಮಗೆ ಹೇಗೆ ಬರುತ್ತೋ ಹಾಗೆ ತಿರುಗಿಸ್ಕೊಳ್ಳಿ, ಹೆಸರು ನಾನು ಕೊಡ್ತೀನಿ ಎಂದರು. ಮನೆಗೆ ಬರುವಾಗ ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆ, ಹಾಲಿನ ಅಂಗಡಿಯವನು ತಿರುಗಿ ನೋಡಿದ.

ಅಲ್ಲಿಂದ ಮುಂದೆ ಓದು ಸರಾಗವಾಯಿತು ಎಂದು ತಿಳಿಯಬೇಡ. ಇಸವಿಗಳು ನನ್ನ ಪ್ರಾಣ ತಿಂದವು. ಒಬ್ಬ ರಾಜ ಸತ್ತರೆ ಇನ್ನೊಬ್ಬ ಅದೇ ಹೆಸರಿನವನು ಬರುತ್ತಾನೆ, ಅವರಿಗೇನು ಹೆಸರಿಗೆ ಬರವೇ? ಆದರೆ ಕೆಲವು ಪಾಠಗಳು ಬಂದಾಗ ನನ್ನ ಕೈಗಳಿಗೇ ನೆನಪಾಗುತ್ತಿತ್ತು. ಸೋವಿಯತ್ ಒಕ್ಕೂಟ ಒಡೆದು ಹದಿನೈದು ದೇಶವಾಯಿತು ಎಂದು ಮೇಷ್ಟ್ರು ಹೇಳಿದಾಗ ನಾನು ಎದ್ದು ನಿಂತು, ಗೊತ್ತು ಸಾರ್, ಸಾವಿರದ ಒಂಬೈನೂರ ತೊಂಬತ್ತೊಂದರ ಕೊನೆ ಎಂದೆ. ಹೇಗೆ ಗೊತ್ತಿಲ್ಲದೆ ಇರುತ್ತದೆ? ಗೋದಾಮಿನಲ್ಲಿದ್ದ ಅಷ್ಟೂ ಉಂಡೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಪಟ್ಟಿ ಕಿತ್ತವಳು ನಾನೇ. ನೀನು ಆಗ ಹೊಟ್ಟೆಯಲ್ಲಿದ್ದೆ. ಒಂದೇ ಗುಲಾಬಿ ಬಣ್ಣವಿದ್ದ ಜಾಗಕ್ಕೆ ಹದಿನೈದು ಬಣ್ಣ ಬಂತು, ಅಂಚು ಕೂಡಿಸಲು ಎಷ್ಟು ಗೋಳಾಡಿದೆವು ಎಂದರೆ, ಅಂಟು ಕಾಯಿಸುವ ನಮ್ಮ ಅಂಟಕ್ಕ ಆ ದೇಶದ ದೊಡ್ಡವರಿಗೆಲ್ಲ ಹೆಸರು ಹಿಡಿಯದೆ ಶಾಪ ಹಾಕಿದಳು. ಲೋಕದಲ್ಲಿ ದೊಡ್ಡದೇನೋ ಆಗಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಮಗೆ ಅದು ಬರೀ ಒದ್ದೆ ಕೆಲಸ. ಈಗ ಪಾಠದಲ್ಲಿ ಓದುವಾಗ, ನಾವೂ ಅಲ್ಲಿದ್ದೆವು ಅನ್ನಿಸಿ ಹೆಮ್ಮೆಯಾಯಿತು.

ಇನ್ನು ಎರಡನೆಯ ತಪ್ಪೊಪ್ಪಿಗೆ ಬರೆಯಬೇಕು. ಇಲ್ಲಿ ಪೆನ್ನು ಎರಡು ಸಲ ಕೆಳಗಿಟ್ಟೆ.

ನವೆಂಬರಿನಲ್ಲಿ ಕೊಲಂಬಸನ ಪಾಠ ಬಂತು. ಅವನು ಹೊರಟಿದ್ದು ಒಂದು ಕಡೆಗೆ, ಸೇರಿದ್ದು ಇನ್ನೊಂದು ಕಡೆಗೆ. ಭೂಮಿ ನಿಜವಾಗಿ ಇರುವುದಕ್ಕಿಂತ ಚಿಕ್ಕದು ಎಂದುಕೊಂಡಿದ್ದನಂತೆ. ಅಂದ್ರೆ ಅವನ ಉಂಡೆಯಲ್ಲಿ ಕೆಲವು ಪಟ್ಟಿಗಳೇ ಇರಲಿಲ್ಲ ಅನ್ನಿ ಸಾರ್ ಎಂದೆ. ಮೇಷ್ಟ್ರಿಗೆ ಖುಷಿಯಾಗಿ, ಹಾಗಾದ್ರೆ ನಿಮ್ಮ ಉಂಡೆಯಲ್ಲಿ ಆ ಕಡೆಯ ಸಮುದ್ರ ಎಷ್ಟು ದೊಡ್ಡದು ನೋಡ್ಕೊಂಡು ಬನ್ನಿ, ಅಮೆರಿಕದ ದಡದಿಂದ ಹವಾಯಿ ದ್ವೀಪಗಳಿಗೆ ಎಷ್ಟು ಬೆರಳು ಅಂತ ಅಳೀರಿ ಎಂದರು.

ಹವಾಯಿ ಎಂದ ಕೂಡಲೇ ನನಗೆ ಬೀರುವಿನ ಮೇಲಿನ ನಿನ್ನ ಹಳೇ ಗ್ಲೋಬು ನೆನಪಾಯಿತು. ನಿನಗೂ ಈಗ ಹಾಗೇ ಆಗಿರಬೇಕು.

ನೀನು ಐದನೇ ಕ್ಲಾಸು. ಚೆಕಿಂಗ್ ಟೇಬಲ್ಲಿನಲ್ಲಿ ಫೇಲಾದ ಒಂದು ಉಂಡೆಯನ್ನು ನೆನೆಸುವ ಮೊದಲು ನಾನು ಕೇಳಿ ಮನೆಗೆ ತಂದಿದ್ದೆ. ಉತ್ತರದ ಕಡೆ ನೆಲದ ಅಂಚು ಸ್ವಲ್ಪ ಕೂಡಿರಲಿಲ್ಲ, ಪಟ್ಟಿ ಜಾರಿದೆ ಅಷ್ಟೇ ಎಂದುಕೊಂಡಿದ್ದೆ. ನೀನು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದೆ. ಕ್ಲಾಸಿನಲ್ಲಿ ಟೀಚರ್ ಹವಾಯಿ ಎಲ್ಲಿದೆ ಎಂದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ನೀನು. ಅಮೆರಿಕದ ದಡದಿಂದ ಎರಡೇ ಬೆರಳು ದೂರ ಎಂದೆ. ಗೋಡೆಯ ನಕ್ಷೆಯಲ್ಲಿ ತೋರಿಸು ಎಂದರೆ ನೀನು ಬೆರಳಿಟ್ಟ ಕಡೆ ಬರೀ ನೀರು, ತೋರಿಸಲಾಗಲಿಲ್ಲ. ಎಲ್ಲ ನಕ್ಕರು. ನೀನು ಅಳುತ್ತಾ ಮನೆಗೆ ಬಂದೆ. ಆಗ ನಾನು ಏನು ಮಾಡಿದೆ? ಗ್ಲೋಬ್ ಮಾಡೋಳು ನಾನೋ ನಿಮ್ಮ ಟೀಚರೋ, ಹೋಗಿ ಹೇಳು ನಿಮ್ಮ ನಕ್ಷೆನೇ ತಪ್ಪು ಅಂತ ಎಂದು ಕಳಿಸಿದೆ. ನೀನು ಹೋಗಿ ಹಾಗೇ ಹೇಳಿದೆ. ಒಂದು ಪೀರಿಯಡ್ ಪೂರ್ತಿ ಬೆಂಚಿನ ಮೇಲೆ ನಿಲ್ಲಿಸಿದರು. ಅವತ್ತು ಮನೆಗೆ ಬಂದು ಅಳಲಿಲ್ಲ ನೀನು. ಅಂಟು ಹಚ್ಚೋದು ಬಿಟ್ರೆ ನಿಂಗೇನೂ ಗೊತ್ತಿಲ್ಲ ಎಂದು ನನಗೇ ಹೇಳಿದೆ. ಗ್ಲೋಬನ್ನು ನೀನೇ ಬೀರುವಿನ ಮೇಲೆ ಹಿಂದಕ್ಕೆ ತಳ್ಳಿದೆ. ಆಮೇಲೆ ನೀನು ಓದಿನ ವಿಷಯದಲ್ಲಿ ನನ್ನನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕೊಲಂಬಸನ ಪಾಠ ಮುಗಿಸಿ ಬಂದ ಆ ಸಂಜೆ ಸ್ಟೂಲು ಹಾಕಿ ಅದನ್ನು ಕೆಳಗಿಳಿಸಿದೆ. ಧೂಳು ಒರೆಸಿ ಬೆರಳಿಟ್ಟೆ. ಎರಡೇ ಬೆರಳು. ಮೇಷ್ಟ್ರ ಪುಸ್ತಕದಲ್ಲಿದ್ದ ಅಳತೆಗೆ ಲೆಕ್ಕ ಹಾಕಿದರೆ ಐದು ಬರಬೇಕು. ಕೆಟಲಿನ ಹಬೆ ಹಿಡಿದು ದಕ್ಷಿಣದ ಟೋಪಿಯನ್ನು ಮೆಲ್ಲಗೆ ಎಬ್ಬಿಸಿದೆ. ಕೆಳಗೆ ನಂಬರುಗಳು. ಐದು, ಆರು, ಎಂಟು, ಏಳು, ಒಂಬತ್ತು. ಏಳು ಇರಬೇಕಾದಲ್ಲಿ ಎಂಟು, ಎಂಟು ಇರಬೇಕಾದಲ್ಲಿ ಏಳು. ಎರಡೂ ಬಹುಪಾಲು ನೀಲಿ ನೀರು, ಹಾಗಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಹವಾಯಿ ಒಂದು ಪಟ್ಟಿಯಷ್ಟು ದಡದ ಕಡೆಗೆ ಸರಿದು ಕೂತಿತ್ತು. ನಮ್ಮಲ್ಲಿ ಪ್ರತಿಯೊಬ್ಬಳೂ ಟೋಪಿ ಹಾಕುವ ಮೊದಲು ಒಳಗೆ ಪೆನ್ಸಿಲಿನಲ್ಲಿ ತನ್ನ ಗುರುತು ಹಾಕುತ್ತಾಳೆ. ಕೆಲವರದು ಗೆರೆ, ಕೆಲವರದು ಸೊನ್ನೆ. ನನ್ನದು ಎರಡು ಚುಕ್ಕೆ. ಅಲ್ಲಿ ಎರಡು ಚುಕ್ಕೆ ಇತ್ತು ಗುಬ್ಬಿ. ನಾನೇ ಅಂಟಿಸಿದ್ದು. ಯಾವುದೋ ದಿನ ಅಂಟಕ್ಕನ ಜೊತೆ ಹರಟೆ ಹೊಡೆಯುತ್ತಾ ಅಂಟಿಸಿದ್ದು.

ನಿನ್ನ ಟೀಚರ್ ಹೇಳಿದ್ದು ಸರಿ. ಆದರೆ ನೀನು ಹೇಳಿದ್ದೂ ತಪ್ಪಲ್ಲ. ನಿನ್ನ ಮುಂದೆ ಇಟ್ಟಿದ್ದ ಭೂಮಿಯನ್ನು ನೀನು ಸರಿಯಾಗಿಯೇ ಓದಿದ್ದೆ, ಬೆರಳಿಟ್ಟು ಅಳೆದು ಓದಿದ್ದೆ. ಭೂಮಿಯನ್ನು ತಪ್ಪು ಮಾಡಿದವಳು ನಾನು. ಅದಕ್ಕೆ ಬೆಂಚು ಹತ್ತಿದವಳು ನೀನು. ಕ್ಷಮಿಸು ಎಂದು ಬರೆಯಲು ಇಷ್ಟು ವರ್ಷ ಬೇಕಾಯಿತು, ಯಾಕೆಂದರೆ ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆ ಇರುವುದೂ ಒಂದು ತಪ್ಪೇ.

ಮೂರು ಪಾಠಕ್ಕೆ ಹೋಗಲಿಲ್ಲ. ಈ ಕೈಯಿಂದ ಇನ್ನೆಷ್ಟು ಮಕ್ಕಳಿಗೆ ತಪ್ಪು ಭೂಮಿ ಕಳಿಸಿದ್ದೇನೋ, ಇಂಥವಳಿಗೆ ಚೆಕಿಂಗ್ ಟೇಬಲ್ ಬೇರೆ ಕೇಡು ಅನ್ನಿಸಿತು. ಕೊನೆಗೆ ಅಂಟಕ್ಕನಿಗೆ ಹೇಳಿಕೊಂಡೆ. ಅವಳು ಸೌಟು ಹಿಡಿದ ಕೈಯಲ್ಲೇ ಹಣೆ ಚಚ್ಚಿಕೊಂಡು, ಅಯ್ಯೋ ಮಾರಾಯ್ತಿ, ಕನ್ನಡಕದಣ್ಣ ಆ ಉಂಡೆ ಹಿಡಿದು ಫೇಲ್ ಮಾಡಿದ್ನಲ್ಲ, ಅದನ್ನ ಮನೆಗೆ ಹೊತ್ಕೊಂಡು ಹೋದೋಳು ನೀನೇ ತಾನೇ, ಅದಕ್ಕೇ ಆ ಟೇಬಲ್ ಇರೋದು, ಅದಕ್ಕೇ ನೀನು ಅಲ್ಲಿ ಕೂರಬೇಕು, ಹರಟೆ ಹೊಡ್ದೋಳು ನಾನು, ಶಿಕ್ಷೆ ನಿಂಗ್ಯಾಕೆ, ಹೋಗಿ ಓದು ಎಂದು ಬೈದಳು. ಅವಳು ಬೈದರೆ ಮನಸ್ಸಿಗೆ ಹಿತ. ಹೋಗಿ ಓದಿದೆ.

ಮಾರ್ಚ್ ಇಪ್ಪತ್ತಕ್ಕೆ ಪರೀಕ್ಷೆ. ಸುತ್ತ ಎಲ್ಲ ಮೀಸೆ ಚಿಗುರದ ಹುಡುಗರು, ಎರಡು ಜಡೆಯ ಹುಡುಗಿಯರು. ನಕ್ಷೆಯ ಪ್ರಶ್ನೆ ಬಂದ ಕೂಡಲೇ ಕಾಗದವನ್ನು ತಲೆಕೆಳಗೆ ತಿರುಗಿಸಿಕೊಂಡೆ. ಮೇಲ್ವಿಚಾರಕಿ ದಡದಡನೆ ಬಂದಳು. ಏನಮ್ಮ, ಪೇಪರ್ ಉಲ್ಟಾ ಹಿಡ್ಕೊಂಡಿದೀರಲ್ಲ, ಓದೋಕೆ ಬರುತ್ತಾ ಎಂದಳು. ನಾನು ತಲೆಯೆತ್ತದೆ, ಬರುತ್ತೆ ಮೇಡಂ, ಇದನ್ನ ಮಾಡೋಳೇ ನಾನು ಎಂದೆ. ಆ ಹೆಂಗಸು ಅಲ್ಲೇ ನಿಂತು ನೋಡುತ್ತಿದ್ದಳು. ಹತ್ತು ಜಾಗಕ್ಕೂ ತಲೆಕೆಳಗಾಗಿಯೇ ಚುಕ್ಕೆ ಇಟ್ಟೆ, ಆಮೇಲೆ ಕಾಗದವನ್ನು ನೆಟ್ಟಗೆ ಮಾಡಿ ಹೆಸರು ಬರೆದೆ. ಬರೆದು ಮುಗಿದ ಮೇಲೆ ಅವಳು ಮೆಲ್ಲಗೆ, ನಮ್ಮನೇಲಿ ಒಂದು ಗ್ಲೋಬ್ ಇದೆ, ನೀವೇ ಮಾಡಿದ್ದಾ ಎಂದಳು. ಇರಬಹುದು, ಒಂದ್ಸಲ ಹವಾಯಿ ಚೆಕ್ ಮಾಡ್ಕೊಳ್ಳಿ ಎಂದೆ.

ಈಗ ಹೇಳುತ್ತೇನೆ. ಸೋಮವಾರ ಫಲಿತಾಂಶ ಬಂತು. ನೂರಕ್ಕೆ ಎಪ್ಪತ್ತೆಂಟು. ನಕ್ಷೆಗೆ ಹತ್ತಕ್ಕೆ ಹತ್ತು. ಕಂಡಕ್ಟರನೂ ಪಾಸು, ಐವತ್ತೊಂದು. ಅವನು ನನ್ನ ಕೈ ಕುಲುಕಿ, ಇನ್ಮೇಲೆ ನೀವು ಹೇಳಿದ ಕಡೆಗೇ ಬಸ್ಸು ಎಂದ. ಮೇಷ್ಟ್ರು ಆ ಸುರುಳಿ ನಕ್ಷೆಯನ್ನು ನನಗೇ ಕೊಟ್ಟುಬಿಟ್ಟರು. ಈಗ ಅದು ಅಡುಗೆಮನೆಯ ಗೋಡೆಯಲ್ಲಿದೆ. ತಲೆಕೆಳಗಾಗಿ.

ನಿನ್ನೆ ಚೆಕಿಂಗ್ ಟೇಬಲ್ಲಿನಲ್ಲಿ ನನ್ನ ಮೊದಲ ದಿನ. ಕುರ್ಚಿ ಸ್ವಲ್ಪ ಅಲ್ಲಾಡುತ್ತದೆ, ಕಾಲಿಗೆ ರಟ್ಟು ಕೊಟ್ಟಿದ್ದೇನೆ. ಪ್ರೆಸ್ಸಿನಿಂದ ಹೊಸ ಪಟ್ಟಿಗಳ ಕಟ್ಟು ಬಂದಿತ್ತು. ಎರಡನೇ ಪಟ್ಟಿ ನೋಡುತ್ತೇನೆ, ಕಪ್ಪು ಸಮುದ್ರದ ಮೇಲೆ ಕ್ಯಾಸ್ಪಿಯನ್ ಎಂದೂ ಕ್ಯಾಸ್ಪಿಯನ್ನಿನ ಮೇಲೆ ಕಪ್ಪು ಸಮುದ್ರ ಎಂದೂ ಅಚ್ಚಾಗಿದೆ. ಹೆಂಗಸರೆಲ್ಲ ಆಗಲೇ ಅಂಟು ಕಲಸಿಕೊಂಡು ನಿಂತಿದ್ದರು. ನಿಲ್ಲಿಸಿ ಎಂದೆ. ಯಜಮಾನರು ಹುಬ್ಬು ಗಂಟಿಕ್ಕಿಕೊಂಡು ಬಂದರು, ಅಟ್ಲಾಸು ತರಿಸಿದರು, ಬೆರಳಿಟ್ಟು ಎರಡು ಸಲ ನೋಡಿದರು. ಆಮೇಲೆ ಪ್ರೆಸ್ಸಿಗೆ ಫೋನ್ ಮಾಡಿ, ನಮ್ಮ ಮೇಡಂ ಹಿಡಿದಿದಾರೆ, ಅಷ್ಟೂ ವಾಪಸ್ ತಗೊಳ್ಳಿ ಎಂದರು. ಮೇಡಂ ಎಂದದ್ದು ನನ್ನನ್ನೇ. ಅಂಟಕ್ಕ ಒಲೆಯ ಹತ್ತಿರದಿಂದಲೇ ಸೌಟು ಎತ್ತಿ ತೋರಿಸಿದಳು. ನಿನಗೆ ಹೇಳುವುದಕ್ಕೇನು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಒಂದಿಷ್ಟು ಅತ್ತೆ, ಮುಖ ತೊಳೆದು ಬಂದು ಉಳಿದ ಕಟ್ಟು ನೋಡಿದೆ.

ಈ ಕಾಗದದ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ಚೂಟಿಗೆ ಗ್ಲೋಬು. ಟೇಬಲ್ಲಿಗೆ ಹೋಗುವ ಹಿಂದಿನ ದಿನ ನಾನು ಅಂಟಿಸಿದ ಕೊನೆಯ ಉಂಡೆ ಅದು. ಅದರ ಬುಡದಲ್ಲಿರುವ ಸೀಲು, ನಾನು ಒತ್ತಿದ ಮೊದಲ ಸೀಲು. ಹನ್ನೆರಡು ಪಟ್ಟಿಯನ್ನೂ ಬಾಯಿಬಿಟ್ಟು ಎಣಿಸಿ ಅಂಟಿಸಿದ್ದೇನೆ, ಯಾರ ಜೊತೆಗೂ ಒಂದು ಮಾತಾಡಿಲ್ಲ, ನನ್ನಂಥವಳಿಗೆ ಅದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ನಿನ್ನ ಹಳೆಯದು ಟೇಬಲ್ಲಿನ ಮೇಲೆ ನನ್ನೆದುರಿಗೇ ಇರುತ್ತದೆ, ಟೋಪಿ ತೆಗೆದು.

ಇನ್ನು ಮೇಲೆ ಹಡಗು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದರೆ ಊರಿನ ಹೆಸರು ಹೇಳು. ಆ ಊರು ಎಷ್ಟನೇ ಪಟ್ಟಿ ಎಂದು ನಾನು ಹೇಳುತ್ತೇನೆ. ಚೂಟಿ ಏನಾದರೂ ಕೇಳಿ ನಿನಗೆ ಪುರುಸೊತ್ತಿಲ್ಲದಿದ್ದರೆ, ಅಜ್ಜಿಗೆ ಫೋನ್ ಮಾಡು, ಅಜ್ಜಿಗೆ ಗೊತ್ತಿರುತ್ತೆ ಎಂದು ಹೇಳು. ಆ ಮಾತು ನಿನ್ನ ಬಾಯಿಂದ ಬಂದರೆ ನನಗೆ ಎಪ್ಪತ್ತೆಂಟರ ಮೇಲೆ ಉಳಿದ ಇಪ್ಪತ್ತೆರಡೂ ಬಂದ ಹಾಗೆ.

ಇಂತಿ ನಿನ್ನ ಅಮ್ಮ,
ಚೆಕಿಂಗ್ ಟೇಬಲ್,
ಹತ್ತನೇ ಕ್ಲಾಸ್ ಪಾಸು. ಈ ಸಲ ನಿಜವಾಗಿ.

ಮರೆತ ಮಾತು: ಸಂಜೆ ಹೊತ್ತು ಫೋನ್ ಎತ್ತದೆ, ಮೊಣಕಾಲು ನೋವು, ಮಲಗಿಬಿಟ್ಟಿದ್ದೆ ಎನ್ನುತ್ತಿದ್ದೆನಲ್ಲ, ಮೊಣಕಾಲು ಗಟ್ಟಿಮುಟ್ಟಾಗಿದೆ. ಪಾಠಕ್ಕೆ ಹೋಗುತ್ತಿದ್ದೆ. ಫೇಲಾದರೆ ನಿನಗೆ ತಿಳಿಯುವುದೇ ಬೇಡ ಎಂದು ಮುಚ್ಚಿಟ್ಟೆ. ನೀನು ಕಳಿಸಿದ ನೋವಿನೆಣ್ಣೆ ಪೋಲಾಗಿಲ್ಲ, ಚೂಟಿಯ ಗ್ಲೋಬಿನ ಕೀಲಿಗೆ ಹಾಕಿದ್ದೇನೆ, ಸದ್ದಿಲ್ಲದೆ ತಿರುಗುತ್ತದೆ. ಪೆಟ್ಟಿಗೆ ಬಿಚ್ಚಿದ ಮೇಲೆ, ಚೂಟಿ ಶಾಲೆಗೆ ಹೋಗಿರುವಾಗ, ಅಮೆರಿಕದ ದಡದಿಂದ ಹವಾಯಿವರೆಗೆ ಒಂದು ಸಲ ನೀನೇ ಬೆರಳಿಟ್ಟು ನೋಡು. ಐದು. ನಿನ್ನ ಕೈ ಪೂರ್ತಿ.